ಚಿಗರಿ ಹೊತ್ತ ಹೆಗಲು

ಬೇಟೆಯ ಹಳೆಯ ಫೋಟೊ ಸಿಕ್ಕರೆ ನಾನು ಮೊದಲು ಅದರ ಅಂಚು ನೋಡುತ್ತೇನೆ. ಅಲ್ಲಿ ಪಟಕಾ ಸುತ್ತಿದ ಇಬ್ಬರೋ ಮೂವರೋ ಅರ್ಧ ಕತ್ತರಿಸಿಹೋದಂತೆ ನಿಂತಿರುತ್ತಾರೆ. ನಡುವೆ ಬಿದ್ದಿರುವ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಅಲ್ಲಿತನಕ ತಂದವರು ಅವರೇ. ಕೆಳಗೆ ದೊರೆಯದೋ ಸಾಹೇಬನದೋ ಹೆಸರಿರುತ್ತದೆ, ಕೊಂಬಿನ ಉದ್ದವೂ ಇಂಚಿನ ಲೆಕ್ಕದಲ್ಲಿ ಇರುತ್ತದೆ. ಹೊತ್ತವರ ಹೆಸರು ಮಾತ್ರ ಇರುವುದಿಲ್ಲ. ನಮ್ಮ ಭಾಗದ ಬೇಟೆಯ ಕಥೆಯನ್ನು ಇವರಿಂದ ಶುರುಮಾಡಿ ಹೇಳಬೇಕೆಂಬುದು ನನ್ನ ಬಹುದಿನದ ಹಂಬಲ.

ಈಗ ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗಿ, ಅಥಣಿಯಿಂದ ಕಾಗವಾಡಕ್ಕೆ ಹೋಗಿ, ದಾರಿಯುದ್ದ ಕಬ್ಬು. ಮೊದಲು ಹೀಗಿರಲಿಲ್ಲ. ಎರಿ ಹೊಲ, ಜೋಳ, ನಡುನಡುವೆ ದನ ಮೇಯಿಸುವ ಹುಲ್ಲುಗಾವಲು. ಚಿಗರಿಗೆ ಬೇಕಾದದ್ದು ಇಂಥ ಬಯಲೇ. ದಟ್ಟ ಅಡವಿ ಅದಕ್ಕೆ ಒಗ್ಗುವುದಿಲ್ಲ. ಬಯಲಿನಲ್ಲಿ ದೂರದಿಂದಲೇ ಆಳನ್ನು ಕಂಡು, ಗಾಳಿಗೆ ಮೂಗು ಹಿಡಿದು, ಒಂದೇ ಸಮ ಹಾರುತ್ತ ಓಡಿಬಿಡುತ್ತದೆ.

ಗಂಡು ಚಿಗರಿ ತೂಗಿದರೆ ಮೂವತ್ತು ನಲವತ್ತು ಕಿಲೊ. ಇದನ್ನು ಹೊರುವುದೇನು ಮಹಾ ಕೆಲಸ ಎನ್ನಿಸಬಹುದು. ನಮ್ಮಜ್ಜ ಹರೆಯದಲ್ಲಿ ಊರಗೌಡರ ಅಪ್ಪಣೆಯ ಮೇಲೆ ಶಿಕಾರಿಗೆ ಬಂದವರ ಬೆನ್ನಿಗೆ ಬಂಡಿ ಹೊಡೆದವರು. ಅವರು ಹೇಳುತ್ತಿದ್ದರು: “ಮೊದಲ ತಲಿ ಕಟ್ಟಬೇಕಪಾ, ಆಮ್ಯಾಲೆ ಕಾಲು. ಇಲ್ಲಂದ್ರ ಕೊಂಬು ಹಿಂದಿನಾಂವನ ಮೊಣಕಾಲಿಗೆ ಬಡೀತಾವ.” ಮುಂಗಾಲು ಎರಡು, ಹಿಂಗಾಲು ಎರಡು ಜೋಡಿಸಿ ಬಿಗಿದು ನಡುವೆ ಬಿದಿರು ಗಳ ಹಾಯಿಸಿದರೆ ಕುತ್ತಿಗೆ ಕೆಳಗೆ ಜೋತು ಬೀಳುತ್ತದೆ. ತಿರುಚಿದ ಕೊಂಬು ನಡೆದಂತೆಲ್ಲ ತೂಗಾಡುತ್ತದೆ. ಅದಕ್ಕೇ ತಲೆಯನ್ನು ಟವೆಲಿನಿಂದ ಗಳಕ್ಕೆ ಎತ್ತಿ ಕಟ್ಟುವುದು. ಬೇಸಿಗೆಯಾದರೆ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ತಡವಾದರೆ ಉಬ್ಬಿ ಮಾಂಸ ಕೆಡುತ್ತದೆ. ಬಂಡಿ ನಿಲ್ಲಿಸಿದಲ್ಲಿಗೆ ಎರಿಯಲ್ಲಿ ಒಂದೆರಡು ಹರದಾರಿ ನಡಿಗೆ. ಮಳೆಯಾಗಿದ್ದರಂತೂ ಕಾಲಿಗೆ ಅಂಟಿದ ಮಣ್ಣೇ ಚಿಗರಿಗಿಂತ ಭಾರ ಎಂದು ಅಜ್ಜ ಕಾಲು ಮುಟ್ಟಿ ತೋರಿಸುತ್ತಿದ್ದರು.

ಈ ಸೀಮೆಗೆ ಆಗ ಒಡೆಯರು ಒಬ್ಬರಲ್ಲ. ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, 1949ರಲ್ಲಿ ಸಂಸ್ಥಾನ ವಿಲೀನವಾಗುವ ತನಕ. ಕೊಲ್ಹಾಪುರದ ಬೇಟೆಯೆಂದರೆ ಚೀತಾ ಬೇಟೆ. ಸಾಕಿದ ಚೀತಾದಿಂದ ಚಿಗರಿ ಹಿಡಿಸುವ ವಿದ್ಯೆ ನಮ್ಮ ನಾಡಿಗೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಕಣ್ಣಿಗೆ ಟೊಪ್ಪಿಗೆ ಹಾಕಿದ ಚೀತಾವನ್ನು ಬಂಡಿಯ ಮೇಲೆ ಕೂರಿಸಿಕೊಂಡು ಹಿಂಡಿನ ಹತ್ತಿರ ಒಯ್ಯುತ್ತಿದ್ದರು. ಎತ್ತಿನ ಬಂಡಿಯೆಂದರೆ ಚಿಗರಿ ಅಷ್ಟಾಗಿ ಬೆದರುವುದಿಲ್ಲ, ಒಕ್ಕಲಿಗರದೆಂದು ಮೇಯುತ್ತಲೇ ಇರುತ್ತದೆ. ಟೊಪ್ಪಿಗೆ ತೆಗೆದು ಬಿಟ್ಟರೆ ಕೆಲವೇ ಕ್ಷಣಗಳ ಓಟ. ಚೀತಾ ಗಂಟಲು ಹಿಡಿದು ಕೂತಾಗ ಚಿತ್ತೆವಾನ, ಅಂದರೆ ಚೀತಾ ಸಾಕುವವನು, ಓಡಿಬಂದು ಚಿಗರಿಯ ಕೊರಳು ಕೊಯ್ದು, ನೆತ್ತರನ್ನು ಮರದ ಸೌಟಿನಲ್ಲಿ ಹಿಡಿದು ಚೀತಾದ ಮೂತಿಗೆ ಒಡ್ಡುತ್ತಿದ್ದ. ಅದು ನೆಕ್ಕುತ್ತಿರುವಾಗಲೇ ಟೊಪ್ಪಿಗೆ ಮತ್ತೆ ಕಣ್ಣಿಗೆ. ಚಿಗರಿಯನ್ನು ಚೀತಾದ ಬಾಯಿಂದ ಬಿಡಿಸಿಕೊಳ್ಳುವ ಈ ಗಳಿಗೆ ಇಡೀ ಬೇಟೆಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಎಂದು ನನಗನ್ನಿಸುತ್ತದೆ. ಅದನ್ನು ಮಾಡುತ್ತಿದ್ದವನು ಸಂಬಳದ ಆಳು. ನಮ್ಮ ಚೀತಾಗಳು ಅಪರೂಪವಾದ ಮೇಲೆ ಕೊಲ್ಹಾಪುರದವರು ಆಫ್ರಿಕಾದಿಂದ ತರಿಸಿ ಪಳಗಿಸಿದರು.

ಹೊರುವ ಕೆಲಸ ಯಾರದು ಎಂಬುದನ್ನು ಜಾತಿ ಮೊದಲೇ ಗೊತ್ತುಮಾಡಿತ್ತು. ಅಧಿಕಾರಿಗಳ ಸಾಮಾನು ಹೊರುವುದು, ಊರಲ್ಲಿ ಸತ್ತ ದನ ಎಳೆಯುವುದು ಮಹಾರರ ವತನಕ್ಕೆ ಅಂಟಿದ ಬಿಟ್ಟಿ ಚಾಕರಿ. ಶಿಕಾರಿಗೆ ಡೇರೆ ಬಿದ್ದರೆ ಅದೂ ಅದರಲ್ಲೇ ಸೇರುತ್ತಿತ್ತು. ಕೊಲ್ಹಾಪುರದ ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಈ ವತನ ರದ್ದು ಮಾಡಿದರು. ಅವರು ಬೇಟೆಯ ಹುಚ್ಚಿನವರು, ಆದರೆ ಹೊರುವವನ ಬೆನ್ನನ್ನೂ ನೋಡಿದವರು. 1920ರ ಮಾರ್ಚಿನಲ್ಲಿ ಮಾಣಗಾವದಲ್ಲಿ ಅಂಬೇಡ್ಕರ್ ಅಧ್ಯಕ್ಷತೆಯ ಅಸ್ಪೃಶ್ಯರ ಪರಿಷತ್ತಿಗೆ ಅವರು ಬಂದದ್ದು ಶಿಕಾರಿಯನ್ನು ನಡುವೆಯೇ ಬಿಟ್ಟು. ಅದನ್ನು ತಮ್ಮ ಭಾಷಣದಲ್ಲಿ ತಾವೇ ಹೇಳಿಕೊಂಡರು. ಐದು ವರ್ಷದ ಮೇಲೆ, 1925ರಲ್ಲಿ, ನಮ್ಮ ನಿಪ್ಪಾಣಿಯಲ್ಲೇ ಅಂಬೇಡ್ಕರ್ ಪರಿಷತ್ತು ನಡೆಸಿದರು. ನಮ್ಮೂರ ಕಡೆಯ ಹೆಗಲುಗಳ ಚರಿತ್ರೆಯಲ್ಲಿ ಇವೆರಡು ಸಭೆಗಳಿಗಿಂತ ದೊಡ್ಡ ಘಟನೆ ನನಗೆ ಕಾಣುವುದಿಲ್ಲ.

ಇನ್ನು ಹರಣಶಿಕಾರಿಗಳು. ಚಿಗರಿ ಬೇಟೆಗಾರರು, ಅಡವಿ ಚಿಂಚೇರರು ಎಂದೂ ಕರೆಯುತ್ತಿದ್ದರು. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ಮಾತು, ಹೊರಗೆ ಕನ್ನಡ, ಮರಾಠಿ. ಬಂದೂಕಿಲ್ಲ, ಚೀತಾ ಇಲ್ಲ. ನರ ಹೊಸೆದು ಮಾಡಿದ ಉರುಲುಗಳನ್ನು ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿ, ಗೂಟ ಬಡಿದು, ಹಿಂಡನ್ನು ಮೆಲ್ಲಗೆ ಆ ಕಡೆ ತಿರುಗಿಸುತ್ತಿದ್ದರು. ಪಳಗಿಸಿದ ಎತ್ತಿನ ಮರೆಯಲ್ಲಿ ಹೆಜ್ಜೆ ಹೆಜ್ಜೆ ಸರಿದು ಹತ್ತಿರ ಹೋಗುವುದೂ ಇತ್ತು. ಬೇಟೆ ಮುಗಿದ ಮೇಲೆ ಅದೇ ಎತ್ತಿನ ಬೆನ್ನ ಮೇಲೆ ಚಿಗರಿ ಹೇರಿಕೊಂಡು ಸಂತೆಗೆ ಹೋಗುತ್ತಿದ್ದುದನ್ನು ಅಜ್ಜ ಕಂಡಿದ್ದರು. ಇವರಿಗೆ ಬೇಟೆ ವಿನೋದವಲ್ಲ, ಹೊತ್ತಿನ ರೊಟ್ಟಿ. ದೊರೆ ಕೊಂದರೆ ಶಿಕಾರಿ ಎಂದ ಸರ್ಕಾರವೇ ಇವರ ಕುಲವನ್ನೇ ಕಳ್ಳರೆಂದು ಕಾನೂನಿನಲ್ಲಿ ಬರೆಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಹೊಸ ರೂಪ ಪಡೆದು ಮುಂಬಯಿ ಪ್ರಾಂತಕ್ಕೂ ಗಟ್ಟಿಯಾಗಿ ಬಂತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟಲ್‌ಮೆಂಟುಗಳೆದ್ದವು. ತಂತಿಬೇಲಿಯ ಒಳಗೆ ಹಾಜರಿ ಕೊಡುತ್ತ ಎಷ್ಟೋ ಕುಟುಂಬಗಳು ಬದುಕಿದವು. ಆ ಕಾಯ್ದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಚಿಗರಿ ಬಯಲಿಂದ ಹೋದದ್ದು ಬೇಟೆಯಿಂದಷ್ಟೇ ಅಲ್ಲ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಂಪನಿ ಹುಟ್ಟಿತು, ಆಮೇಲೆ ಹಿಡಕಲ್ ಅಣೆಕಟ್ಟಿನ ನೀರು ಕಾಲುವೆಯಲ್ಲಿ ಬಂತು, ನದಿಯಿಂದ ಪಂಪ್‌ಸೆಟ್ಟು ನೀರೆತ್ತಿತು. ಹುಲ್ಲುಗಾವಲು ಒಂದೊಂದಾಗಿ ಕಬ್ಬಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಮೊದಲ ಅನುಸೂಚಿಯಲ್ಲಿಟ್ಟಿತು. ಹೊಲದಲ್ಲಿ ಸತ್ತು ಬಿದ್ದರೂ ಅದು ಸರ್ಕಾರದ ಸ್ವತ್ತು. ಅರಣ್ಯ ಇಲಾಖೆಯವರು ಪಂಚನಾಮೆ ಮಾಡಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಸುಟ್ಟುಬಿಡುತ್ತಾರೆ. ಇದು ಸರಿಯಾದ ಕಾನೂನು. ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಆದರೆ ಆ ಕಾನೂನು ಹರಣಶಿಕಾರಿಗಳ ವಿದ್ಯೆಯನ್ನೂ ಕೆಲಸವಿಲ್ಲದೆ ಕೂರಿಸಿತು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಾರ್ಧಿ, ಅಡವಿ ಚಿಂಚೇರ, ಹರಣಶಿಕಾರಿ ಎಂಬ ಹೆಸರುಗಳಿವೆ, ಪ್ರಮಾಣಪತ್ರವೂ ಸಿಗುತ್ತದೆ. ಒಣಗಿದ ಎರಿಯ ಬಿರುಕಿನ ನಡುವೆ ಗೊರಸಿನ ಗುರುತು ನೋಡಿ ಇದು ಬಸಿರಿ ಹೆಣ್ಣು, ಬೆಳಗಿನ ಜಾವ ಹಾದಿದೆ ಎನ್ನಬಲ್ಲ ಹಿರಿಯರು ಆ ಜನರಲ್ಲಿದ್ದಾರೆ. ಚಿಗರಿ ಇನ್ನೂ ಉಳಿದಿರುವ ರಾಣೆಬೆನ್ನೂರಿನಂಥ ಕಡೆ ಅವರ ಮಕ್ಕಳನ್ನು ಕಾವಲಿಗೆ, ಗಣತಿಗೆ ಕಾಯಂ ನೌಕರಿಯ ಮೇಲೆ ತೆಗೆದುಕೊಳ್ಳಬೇಕು. ದಿನಗೂಲಿಗಲ್ಲ, ಪೂರ್ತಿ ಸಂಬಳಕ್ಕೆ.