ರಾಜ್ಯಲಾಂಛನವೂ ಎಡೆದೊರೆನಾಡೂ

ಮಾನ್ವಿಯ ತಹಶೀಲು ಕಚೇರಿಯಿಂದ ಹೊರಡುವ ಕಾಗದಗಳ ನೆತ್ತಿಯ ಮೇಲಿರುವ ರಾಜ್ಯಲಾಂಛನದ ಗಂಡಭೇರುಂಡವು, 1956ರ ನವೆಂಬರ್ 1ರಂದು ರಾಯಚೂರು ಸೀಮೆಯು ಹೈದರಾಬಾದು ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರನ್ನು ಸೇರಿದ ಮೇಲೆ ಇಲ್ಲಿಗೆ ಬಂದುದಾದ್ದರಿಂದ, ಅದು ಮೈಸೂರು ಅರಮನೆಯ ಕೊಡುಗೆ, ನಮ್ಮ ನೆಲಕ್ಕೆ ಹೊರಗಿನದು ಎಂದು ಇಲ್ಲಿಯ ಜನ ಭಾವಿಸುವುದು ಅಸಹಜವೇನಲ್ಲ. ಆದರೆ ಇತಿಹಾಸವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಕೃಷ್ಣಾ-ತುಂಗಭದ್ರೆಗಳ ನಡುವಣ ಈ ಪ್ರದೇಶವನ್ನು ಪೂರ್ವಿಕರು ಎಡೆದೊರೆನಾಡೆಂದು ಕರೆದರು. ಇದನ್ನು ಆಳಿದ ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ, ಒಂದನೆಯ ಸೋಮೇಶ್ವರನ ಸಾಮಂತನಾದ ಚಾಮುಂಡರಾಯನು 1047ರಲ್ಲಿ ಬಳ್ಳಿಗಾವೆಯಲ್ಲಿ ಗಂಡಭೇರುಂಡದ ಸ್ತಂಭವನ್ನು ನಿಲ್ಲಿಸಿದನು. 1520ರಲ್ಲಿ ರಾಯಚೂರಿನ ಕೋಟೆಯನ್ನು ಗೆದ್ದ ಕೃಷ್ಣದೇವರಾಯನ ತರುವಾಯ ಪಟ್ಟವೇರಿದ ಅಚ್ಯುತರಾಯನು ಅದೇ ಪಕ್ಷಿಯನ್ನು ತನ್ನ ನಾಣ್ಯಗಳ ಮೇಲೆ ಅಚ್ಚೊತ್ತಿಸಿದನು. ಆದುದರಿಂದ ಈ ಎರಡು ತಲೆಯ ಹಕ್ಕಿಯು, ಒಡೆಯರ ಮುದ್ರೆಯಾಗುವುದಕ್ಕೆ ಬಹುಪೂರ್ವದಲ್ಲಿಯೇ, ನಮ್ಮ ನಾಡನ್ನಾಳಿದ ಅರಸುಮನೆತನಗಳಿಗೆ ಪರಿಚಿತವಾಗಿದ್ದಿತು.

ಇದಕ್ಕಿಂತಲೂ ಮಿಗಿಲಾದ ಸಂಬಂಧವು ಆ ಲಾಂಛನದ ಶಿರೋಭಾಗದಲ್ಲಿದೆ. ಗಂಡಭೇರುಂಡದ ಮೇಲೆ ವಿರಾಜಿಸುವ ಸಿಂಹಗಳು ಸಾರನಾಥದಲ್ಲಿ ಅಶೋಕ ಚಕ್ರವರ್ತಿಯು ನಿಲ್ಲಿಸಿದ ಸ್ತಂಭದವು. ಪ್ರಿನ್ಸೆಪ್ ಎಂಬ ವಿದ್ವಾಂಸನು 1837ರಲ್ಲಿ ಬ್ರಾಹ್ಮೀಲಿಪಿಯ ಗುಟ್ಟನ್ನು ಬಿಡಿಸಿದ ಬಳಿಕವೂ, ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಕಾಣುತ್ತಿದ್ದುದರಿಂದ, ಆ ದೊರೆಯು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿದ್ದಿತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ನಮ್ಮ ನೆರೆಯ ಮಸ್ಕಿಯ ಬೆಟ್ಟದಲ್ಲಿ ಕಂಡುಹಿಡಿದ ಶಾಸನದಲ್ಲಿ ಮಾತ್ರ, ಮೊಟ್ಟಮೊದಲಿಗೆ, ಆ ಬಿರುದಿನೊಡನೆ ಅಶೋಕ ಎಂಬ ಹೆಸರೇ ಸ್ಪಷ್ಟವಾಗಿ ದೊರೆಯಿತು. ಇಡೀ ಭರತಖಂಡದ ಮುದ್ರೆಗೆ ಮೂಲಪುರುಷನಾದವನ ಗುರುತನ್ನು ನಿಸ್ಸಂದೇಹಗೊಳಿಸಿದ್ದು ರಾಯಚೂರು ಜಿಲ್ಲೆಯ ಒಂದು ಬಂಡೆ!

ಆನೆಯೂ ಶ್ರೀಗಂಧವೂ ರಾಜ್ಯದ ಚಿಹ್ನೆಗಳಾದರೂ ನಮ್ಮ ಎರೆಹೊಲಗಳಿಗೆ ದೂರದವು. ಅಂಥದೇ ಇನ್ನೊಂದು ಚಿಹ್ನೆಯಾದ ನೀಲಕಂಠ ಪಕ್ಷಿಯಾದರೋ ಜೋಳದ ಹೊಲಗಳ ಅಂಚಿನ ತಂತಿಗಳ ಮೇಲೆ ಕುಳಿತು ನಮ್ಮದೇ ಆಗಿದೆ. 2004ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಕುವೆಂಪು ಅವರ ಕೃತಿಯು ಕಲ್ಯಾಣ ಚಾಲುಕ್ಯ ವಂಶವನ್ನು ಸ್ಥಾಪಿಸಿದ ತೈಲಪನನ್ನು ನೆನೆಯುತ್ತದೆ. ಆದರೆ ಯಾವ ಲಾಂಛನದಲ್ಲಿಯೂ ಅಡಗದ ಸಂಪತ್ತೊಂದು ಮಾನ್ವಿಗಿದೆ: ಈ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ ಜನಿಸಿ, ಮಾನ್ವಿಯಲ್ಲಿ ಬಾಳಿ, 1809ರಲ್ಲಿ ದೇಹಬಿಟ್ಟ ಜಗನ್ನಾಥದಾಸರು, ವೇದಾಂತದ ಗಹನ ತತ್ತ್ವಗಳನ್ನು ಭಾಮಿನೀ ಷಟ್ಪದಿಯ ಕನ್ನಡದಲ್ಲಿ ‘ಹರಿಕಥಾಮೃತಸಾರ’ವಾಗಿ ಹರಿಯಿಸಿದರು.

ನಾಡಗೀತೆಯನ್ನು ಕಲಿಸುವ ನಮ್ಮ ಉಪಾಧ್ಯಾಯರು, ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಮಸ್ಕಿಯ ಬೆಟ್ಟಕ್ಕೆ ಕರೆದೊಯ್ದು ಆ ಬಂಡೆಯನ್ನು ತೋರಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.