ಎಣಿಸಬೇಕಾದ ಸದ್ದು

ಚಿನ್ನದ ಗಣಿಯೆಂದೊಡನೆ ನಮಗೆ ನೆನಪಾಗುವುದು ಹೊಳಪು. ಗಣಿಯೊಳಗೆ ಸಿಡಿಮದ್ದು ತುಂಬುವವನಿಗೆ ನೆನಪಾಗುವುದು ಸದ್ದು.

19ನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಹುಲ್ಲುಕಡ್ಡಿಗೋ ಬಾತಿನ ಗರಿಗೋ ಮದ್ದು ತುಂಬಿ ಕಿಡಿ ಹಚ್ಚುತ್ತಿದ್ದರು. ಅದು ಎಷ್ಟು ಹೊತ್ತಿಗೆ ಸಿಡಿದೀತೆಂದು ಹೇಳಬಲ್ಲವರಿರಲಿಲ್ಲ. ಸತ್ತವರೂ ಕುರುಡಾದವರೂ ಅನೇಕರು. ಅಲ್ಲಿಯ ತೊಗಲಿನ ವ್ಯಾಪಾರಿ ವಿಲಿಯಂ ಬಿಕ್‌ಫರ್ಡ್ 1831ರಲ್ಲಿ, ಹಗ್ಗ ಹೊಸೆಯುವಂತೆ ಮದ್ದಿನ ಎಳೆಯ ಸುತ್ತ ನೂಲು ಹೊಸೆದು, ಹದವಾಗಿ ಉರಿಯುವ ಬತ್ತಿಯನ್ನು ರೂಪಿಸಿದ. ಅಡಿಗೆ ಸುಮಾರು 30 ಸೆಕೆಂಡು. ದೂರ ಸರಿಯಲು ಬೇಕಾದ ಹೊತ್ತನ್ನು ಇನ್ನು ಅಳೆದು ಕತ್ತರಿಸಿಕೊಳ್ಳಬಹುದಾಯಿತು. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟು ಪಡೆದ. ಆ ಹುಡುಕಾಟದ ನಡುವೆಯೇ, 1864ರಲ್ಲಿ, ಅವನ ತಮ್ಮ ಎಮಿಲ್ ಸ್ಫೋಟಕ್ಕೆ ಬಲಿಯಾಗಿದ್ದ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳನ್ನು ವಹಿಸಿಕೊಂಡಾಗ ಕಾರ್ನ್‌ವಾಲಿನ ಗಣಿಗಾರರು ಅಲ್ಲಿಗೆ ಬಂದರು. ಈ ವಿದ್ಯೆಯೂ ಅವರೊಡನೆ ಬಂದಿತು. ಬತ್ತಿ ಹೊತ್ತಿಸಿ ಮರೆಗೆ ಸರಿದವನ ಮುಖ್ಯ ಕೆಲಸ ಎಣಿಕೆ. 12 ಕುಳಿ ತುಂಬಿ 11 ಸದ್ದು ಕೇಳಿದರೆ, ಒಂದು ಸಾವು ಬಂಡೆಯೊಳಗೆ ಕಾದು ಕುಳಿತಿದೆ. ಎಣಿಕೆ ತಪ್ಪಿದರೆ, ಮುಂದಿನ ಪಾಳಿಯಲ್ಲಿ ಅಲ್ಲಿ ಬೈರಿಗೆ ಊರುವ ಕೂಲಿಯ ಪ್ರಾಣ ಹೋದೀತು. ಅವನ ಮುಖವನ್ನೂ ಇವನು ಕಂಡಿರಲಾರ.

3 ಕಿಲೋಮೀಟರಿಗೂ ಆಳಕ್ಕಿಳಿದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನದ ತೂಕವನ್ನು ಲೆಕ್ಕಪುಸ್ತಕಗಳು ಉಳಿಸಿಕೊಂಡವು. ಕತ್ತಲಲ್ಲಿ ಕಿವಿಗೊಟ್ಟು ನಿಂತವನ ಎಣಿಕೆಯನ್ನು ಬರೆದಿಟ್ಟವರಿಲ್ಲ.