ಜಾವಾದಿಂದ ಬ್ರೌಸರ್‌ಗೆ: ಟೈಪ್ ಕಾಸ್ಟಿಂಗ್ ಎಡವುವುದೆಲ್ಲಿ?

ಹೆಸರಿನಲ್ಲಿ ನಂಟಿದ್ದರೂ ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡು ಬೇರೆ ಬೇರೆ ಭಾಷೆಗಳು. ಜಾವಾದಲ್ಲಿ ಬರೆದ ಪ್ರೋಗ್ರಾಂ ಅನ್ನು ಜಾವಾಸ್ಕ್ರಿಪ್ಟ್‌ಗೆ ಪರಿವರ್ತಿಸಿ ವೆಬ್ ಪುಟದಲ್ಲಿ ಓಡಿಸುವ ಗೂಗಲ್ ವೆಬ್ ಟೂಲ್‌ಕಿಟ್, ಸಂಕ್ಷೇಪವಾಗಿ ಜಿಡಬ್ಲ್ಯುಟಿ, 2006ರ ಮೇ ತಿಂಗಳಲ್ಲಿ ಹೊರಬಂದಿತು. ಇದೇ ಕೆಲಸದ ಜೆ2ಸಿಎಲ್ ಕಂಪೈಲರ್ ಅನ್ನು ಗೂಗಲ್ 2018ರಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. ಗೂಗಲ್ ಶೀಟ್ಸ್‌ನ ಲೆಕ್ಕಾಚಾರದ ಭಾಗವೂ ಜಾವಾದಲ್ಲೇ ಬರೆದದ್ದು. ಇಂಥ ಪ್ರೋಗ್ರಾಂಗಳು ಬ್ರೌಸರ್‌ನ ಸೌಲಭ್ಯಗಳನ್ನು, ಅಂದರೆ ಎಪಿಐಗಳನ್ನು ಕರೆಯುವಾಗ ಎದುರಾಗುವ ತೊಡಕೇ ಟೈಪ್ ಕಾಸ್ಟಿಂಗ್.

ಜಾವಾದಲ್ಲಿ ಪ್ರತಿ ವಸ್ತುವಿಗೂ ಟೈಪ್, ಅರ್ಥಾತ್ ಒಂದು ನಿರ್ದಿಷ್ಟ ಬಗೆ ಇರುತ್ತದೆ. ಪುಟದಲ್ಲಿರುವ ಒಂದು ಅಂಗವನ್ನು ಹೆಸರು ಹಿಡಿದು ಕೇಳಿದರೆ ಬ್ರೌಸರ್ ಎಪಿಐ ಅದನ್ನು ಕೇವಲ 'ಎಲಿಮೆಂಟ್' ಎಂದು ಕೊಡುತ್ತದೆ. ಅದು ಅಕ್ಷರ ತುಂಬುವ ಪೆಟ್ಟಿಗೆ ಎಂಬುದು ಪ್ರೋಗ್ರಾಮರ್‌ಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ಪೆಟ್ಟಿಗೆಯೊಳಗಿನ ಬರಹ ಬೇಕಾದರೆ 'ಇದು ಎಚ್‌ಟಿಎಂಎಲ್ ಇನ್‌ಪುಟ್ ಎಲಿಮೆಂಟ್' ಎಂದು ಘೋಷಿಸಬೇಕು. ಈ ಘೋಷಣೆಯೇ ಕಾಸ್ಟಿಂಗ್. ಸಾಮಾನ್ಯ ಜಾವಾದಲ್ಲಿ ವರ್ಚುವಲ್ ಮಷೀನ್ ಅದನ್ನು ಅಲ್ಲಿಯೇ ಪರೀಕ್ಷಿಸಿ, ಸುಳ್ಳಾದರೆ 'ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್' ಎಂಬ ದೋಷವನ್ನು ಎಸೆಯುತ್ತದೆ. ಆದರೆ ಬ್ರೌಸರ್ ಕೊಟ್ಟ ವಸ್ತು ಜಾವಾದಲ್ಲಿ ಹುಟ್ಟಿದ್ದಲ್ಲ. ಅದರ ಮೈಮೇಲೆ ಜಾವಾದ ಮುದ್ರೆಯಿಲ್ಲ. ಪರೀಕ್ಷಿಸುವುದು ಯಾವುದರ ಆಧಾರದಿಂದ?

2008ರಲ್ಲಿ ಬಂದ ಜಿಡಬ್ಲ್ಯುಟಿ 1.5 ಆವೃತ್ತಿಯ ಉತ್ತರ ಸರಳವಾಗಿತ್ತು: ಪರೀಕ್ಷೆಯೇ ಬೇಡ. ಓವರ್‌ಲೇ ಟೈಪ್ ಎಂಬ ಆ ಪದ್ಧತಿಯಲ್ಲಿ ಬ್ರೌಸರ್‌ನ ಒಂದು ವಸ್ತುವನ್ನು ಮತ್ತೊಂದು ಬಗೆಯೆಂದು ಕರೆದರೂ ಕಾಸ್ಟಿಂಗ್ ಸಫಲವಾಗುತ್ತಿತ್ತು. ತಪ್ಪು ಬಯಲಾಗುತ್ತಿದ್ದುದು ಬಹಳ ಮುಂದೆ, ಸಂಬಂಧವೇ ಇಲ್ಲದಂತೆ ತೋರುವ ಸಾಲಿನಲ್ಲಿ.

2016ರ ಜಿಡಬ್ಲ್ಯುಟಿ 2.8ರೊಂದಿಗೆ ಬಂದ ಜೆಎಸ್ ಇಂಟರಾಪ್ ನಿಯಮವನ್ನು ಬದಲಿಸಿತು. ಬ್ರೌಸರ್‌ನ ವಸ್ತುವನ್ನು ಜಾವಾದಲ್ಲಿ ಕ್ಲಾಸ್ ಆಗಿ ವರ್ಣಿಸಿದರೆ, ಕಾಸ್ಟಿಂಗ್ ವೇಳೆ ಜಾವಾಸ್ಕ್ರಿಪ್ಟ್‌ನ 'ಇನ್‌ಸ್ಟನ್ಸ್ ಆಫ್' ಪರೀಕ್ಷೆ ನಡೆಯುತ್ತದೆ. ಇಂಟರ್‌ಫೇಸ್ ಆಗಿ ವರ್ಣಿಸಿದರೆ ಯಾವ ಪರೀಕ್ಷೆಯೂ ಇಲ್ಲ. ಒಂದೇ ಪದದ ವ್ಯತ್ಯಾಸ, ಆದರೆ ಪರಿಣಾಮ ದೊಡ್ಡದು.

ಪರೀಕ್ಷೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸುವ ಐಫ್ರೇಮ್‌ಗೆ ತನ್ನದೇ ವಿಂಡೋ ಇರುತ್ತದೆ, ತನ್ನದೇ ಪ್ರತ್ಯೇಕ ಇನ್‌ಪುಟ್ ಎಲಿಮೆಂಟ್ ವ್ಯಾಖ್ಯೆಯೂ ಇರುತ್ತದೆ. ಅಲ್ಲಿಂದ ತಂದ ಅಸಲಿ ಪೆಟ್ಟಿಗೆಯೂ ಹೊರಪುಟದ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ಸರ್ವರ್‌ನಿಂದ ಬಂದ ಜೇಸನ್ ಮಾಹಿತಿಯ ಪಾಡೂ ಇಂಥದ್ದೇ: ಅದು ಬರಿಯ 'ಆಬ್ಜೆಕ್ಟ್'. ಪ್ರೋಗ್ರಾಮರ್ ಅದಕ್ಕೆ 'ಗ್ರಾಹಕ' ಎಂಬ ಕ್ಲಾಸ್ ಹೆಸರು ಕೊಟ್ಟರೆ, ಬ್ರೌಸರ್‌ನಲ್ಲಿ ಆ ಹೆಸರಿನದು ಏನೂ ಇಲ್ಲದ ಕಾರಣ ಪರೀಕ್ಷೆ ಕೆಡುತ್ತದೆ. ಆ ಕ್ಲಾಸ್‌ನ ಜಾವಾಸ್ಕ್ರಿಪ್ಟ್ ಹೆಸರು 'ಆಬ್ಜೆಕ್ಟ್' ಎಂದು ಸೂಚಿಸುವುದು ರೂಢಿಯ ಪರಿಹಾರ.

ಇಕ್ಕಟ್ಟಿನಲ್ಲಿ ಒದಗುವ ಎರಡು ಉಪಕರಣಗಳಿವೆ. 'ಜೆಎಸ್ ಡಾಟ್ ಕಾಸ್ಟ್' ಜಾವಾ ಕಂಪೈಲರ್‌ನ ಆಕ್ಷೇಪವನ್ನು ದಾಟಿಸುತ್ತದೆ; ಓಡುವಾಗಿನ ಪರೀಕ್ಷೆಯನ್ನು ಉಳಿಸಿಕೊಳ್ಳುತ್ತದೆ. 'ಜೆಎಸ್ ಡಾಟ್ ಅನ್‌ಚೆಕ್ಡ್ ಕಾಸ್ಟ್' ಎರಡನ್ನೂ ಕಳಚುತ್ತದೆ. ಐಫ್ರೇಮ್‌ನಂಥ ಪ್ರಸಂಗಕ್ಕೆ ಎರಡನೆಯದು ಅನಿವಾರ್ಯ. ದೋಷ ಕಂಡಲ್ಲೆಲ್ಲ ಅದನ್ನೇ ಅಂಟಿಸುವುದು ಮಾತ್ರ ಜ್ವರಕ್ಕೆ ಹೆದರಿ ಥರ್ಮಾಮೀಟರ್ ಮುರಿದಂತೆ.

ಸಂಖ್ಯೆಗಳದು ಬೇರೆಯೇ ಕಥೆ. ಜಾವಾಸ್ಕ್ರಿಪ್ಟ್ ಸಂಖ್ಯೆ ಈ ಕಂಪೈಲರ್‌ಗಳ ಪಾಲಿಗೆ 'ಡಬಲ್'. ಜೇಸನ್‌ನಲ್ಲಿ ಬಂದ 5 ಎಂಬ ಅಂಕಿಯನ್ನು 'ಇಂಟಿಜರ್' ಎಂದು ಕಾಸ್ಟ್ ಮಾಡಿದರೆ ದೋಷ ಬರುತ್ತದೆ. ಮೊದಲು ಡಬಲ್ ಎಂದು ಪಡೆದು ಬಳಿಕ ಪರಿವರ್ತಿಸಬೇಕು. ಜಾವಾದ 'ಲಾಂಗ್' ಇನ್ನೂ ಅಪಾಯಕಾರಿ. ಜಾವಾಸ್ಕ್ರಿಪ್ಟ್ ಸಂಖ್ಯೆಯಲ್ಲಿ 9007199254740993 ಎಂದು ಬರೆದರೆ ಉಳಿಯುವುದು 9007199254740992. ಯಾವ ಎಚ್ಚರಿಕೆಯೂ ಬರುವುದಿಲ್ಲ, ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗಿರುತ್ತದೆ. ಹದಿನೆಂಟು ಅಂಕಿಯ ಖಾತೆ ಸಂಖ್ಯೆಯಂಥದ್ದನ್ನು ಅಕ್ಷರಮಾಲೆಯಾಗಿ, ಎಂದರೆ ಸ್ಟ್ರಿಂಗ್ ಆಗಿ ಸಾಗಿಸುವುದಕ್ಕೆ ಇದೇ ಕಾರಣ.

ಕಡತದ ಗಾತ್ರ ತಗ್ಗಿಸಲೆಂದು ಕಾಸ್ಟಿಂಗ್ ಪರೀಕ್ಷೆಗಳನ್ನು ಒಟ್ಟಾಗಿ ತೆಗೆದುಹಾಕುವ ಆಯ್ಕೆಯೂ ಜಿಡಬ್ಲ್ಯುಟಿ ಕಂಪೈಲರ್‌ನಲ್ಲಿದೆ. ಅದನ್ನು ಬಳಸುವ ತಂಡ, ಪರೀಕ್ಷೆ ಚಾಲೂ ಇರುವ ಆವೃತ್ತಿಯನ್ನು ಮೊದಲು ಹಲವು ಬ್ರೌಸರ್‌ಗಳಲ್ಲಿ ಓಡಿಸಿ ನೋಡದಿದ್ದರೆ, ತಪ್ಪು ಮೊದಲು ಕಣ್ಣಿಗೆ ಬೀಳುವುದು ಬಳಕೆದಾರನ ಪರದೆಯ ಮೇಲೆ.